ಮೂರನೇ ಮಷಿನ್ ಬೇಕಿರಲಿಲ್ಲ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕಿಗೆ ಬೇಕಾದ ಯೋಜನಾ ವರದಿ, ಇಷ್ಟೇ. ವ್ಯಾಪಾರ ಹೀಗೆ ಮಾಡಿ, ಹಾಗೆ ಮಾಡಿ ಎಂದು ಯಾರಿಗೂ ಹೇಳುವ ಅಭ್ಯಾಸ ನನಗಿರಲಿಲ್ಲ. ಹೇಳಿದರೆ ಕೇಳುವವರೂ ಇರಲಿಲ್ಲ ಎನ್ನಿ.

2023ರ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಕಡೆಯ ದಂಪತಿ ಕಚೇರಿಗೆ ಬಂದರು. ಎರಡು ಎಕರೆ ಅಡಿಕೆ ತೋಟ, ಮನೆಯ ಪಕ್ಕದ ಶೆಡ್ಡಿನಲ್ಲಿ ಹಾಳೆತಟ್ಟೆ, ಅಂದರೆ ಅಡಿಕೆ ಗರಿಯ ಬುಡದ ಅಗಲ ಹಾಳೆಯಿಂದ ಊಟದ ತಟ್ಟೆ, ಒತ್ತುವ ಎರಡು ಮಷಿನ್. ಘಟಕ ಹೆಂಡತಿಯ ಹೆಸರಿನಲ್ಲಿದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಮಹಿಳೆಗೆ ಸಿಗುವ ಶೇ. 35 ಸಹಾಯಧನ ಪಡೆದು ಶುರು ಮಾಡಿದ್ದು, ಸಾಲವೂ ತೀರಿದೆ. ಆದರೆ ಮೂರು ವರ್ಷಗಳಿಂದ ವಹಿವಾಟು ಎಂಟು ಲಕ್ಷದ ಆಸುಪಾಸಿನಲ್ಲೇ ನಿಂತಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳ ನಿಷೇಧವಾದಾಗ ಇನ್ನು ನಮ್ಮದೇ ಕಾಲ ಎಂದುಕೊಂಡಿದ್ದರಂತೆ. ಫೋನು ಬರುವುದು ಹೆಚ್ಚಾಯಿತು, ದುಡ್ಡು ಹೆಚ್ಚಾಗಲಿಲ್ಲ.

‘ಮೂರನೇ ಮಷಿನ್ನಿಗೆ ಸಾಲ ಮಾಡಿಸಿಕೊಡಿ ಸರ್’ ಎಂದರು ಯಜಮಾನರು. ಅದೇ ಕಾರ್ಯಕ್ರಮದಲ್ಲಿ ಹಳೆಯ ಘಟಕ ವಿಸ್ತರಿಸಲು ಎರಡನೇ ಸಾಲ ಸಿಗುತ್ತದೆ, ಸಹಾಯಧನ ಶೇ. 15. ನಾನು ಒಂದು ಪ್ರಶ್ನೆಯನ್ನೂ ಕೇಳದೆ ವರದಿ ಬರೆದುಕೊಟ್ಟೆ. ಎರಡು ಮಷಿನ್ನಿಗೆ ಎಂಟು ಲಕ್ಷವಾದರೆ ಮೂರಕ್ಕೆ ಹನ್ನೆರಡು. ಇಂಥ ತ್ರೈರಾಶಿ ಎಷ್ಟು ವರದಿಗಳಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ. ಬ್ಯಾಂಕಿನ ಮ್ಯಾನೇಜರ್ ಪುಟ ತಿರುವಿ ಕೇಳಿದ್ದು ಒಂದೇ ಮಾತು: ‘ಈಗಿರುವ ಮಷಿನ್ ವರ್ಷಕ್ಕೆ ಎಷ್ಟು ದಿನ ಓಡುತ್ತದೆ?’

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಬೇಕಾಗಿ ಬಂದದ್ದಕ್ಕೆ ನಾಚಿಕೆಯಾಯಿತು.

ಮರುವಾರ ಗಾಜನೂರು, ಮಂಡಗದ್ದೆ ದಾಟಿಕೊಂಡು ಬಸ್ಸಿನಲ್ಲಿ ಅವರ ಊರಿಗೆ ಹೋದೆ. ಲೆಕ್ಕದ ಪುಸ್ತಕ ಎಂದು ಇದ್ದದ್ದು ಅರ್ಧಂಬರ್ಧ. ಆದರೆ ಮೆಸ್ಕಾಂನ ಕರೆಂಟ್ ಬಿಲ್ಲುಗಳನ್ನು ಆಕೆ ಒಂದು ತಂತಿಗೆ ಚುಚ್ಚಿ ಇಟ್ಟಿದ್ದರು. ಎರಡು ವರ್ಷದ ಇಪ್ಪತ್ತನಾಲ್ಕು ಬಿಲ್ಲುಗಳನ್ನು ಜಗುಲಿಯ ಮೇಲೆ ಸಾಲಾಗಿ ಹರಡಿದೆವು. ಅಚ್ಚು ಕಾಯುವುದು ಕರೆಂಟಿನಿಂದಲೇ ಆದ್ದರಿಂದ ಯೂನಿಟ್ ಏರಿದರೆ ತಟ್ಟೆ ಆಗಿದೆ, ಇಳಿದರೆ ಇಲ್ಲ. ಜನವರಿಯಿಂದ ಜೂನ್‌ವರೆಗೆ ಯೂನಿಟ್ಟುಗಳು ಗುಡ್ಡ ಹತ್ತಿದ್ದವು. ಆಗಸ್ಟ್‌ನಿಂದ ಡಿಸೆಂಬರ್ ಮಧ್ಯದವರೆಗೆ ಮನೆಯ ಬಲ್ಬಿನಷ್ಟೇ. ಎರಡೂ ವರ್ಷ ಅದೇ ಚಿತ್ರ. ಇರುವ ಎರಡು ಮಷಿನ್ನುಗಳೇ ವರ್ಷದಲ್ಲಿ ನಾಲ್ಕೂವರೆ ತಿಂಗಳು ಗೋಣಿಚೀಲ ಹೊದ್ದು ಮಲಗಿದ್ದವು.

‘ಹಾಳೆ ಮುಗಿದಿರುತ್ತದಲ್ಲ ಅಣ್ಣ’ ಎಂದರು ಆಕೆ, ಅದರಲ್ಲೇನು ವಿಶೇಷ ಎಂಬಂತೆ.

ವಿಶೇಷ ಇದ್ದದ್ದು ಅಲ್ಲೇ. ಅಡಿಕೆ ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. ಬೇಸಿಗೆಯಲ್ಲಿ ಬಿದ್ದದ್ದು ಗರಿಗರಿಯಾಗಿ ಒಣಗಿ ಸಿಗುತ್ತದೆ. ಮಳೆಗಾಲದಲ್ಲಿ ಬಿದ್ದದ್ದು ಎರಡೇ ದಿನದಲ್ಲಿ ಬೂಷ್ಟು ಹಿಡಿದು ಕಪ್ಪು ಮಚ್ಚೆಯಾಗುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮಚ್ಚೆಯ ತಟ್ಟೆಯಲ್ಲಿ ಮದುವೆ ಊಟ ಬಡಿಸುವವರು ಯಾರು? ಆದರೆ ಶ್ರಾವಣ ಕಳೆದು ಕಾರ್ತಿಕದ ಮದುವೆಗಳು ಬರುವುದು ಸರಿಯಾಗಿ ಹಾಳೆ ಇಲ್ಲದ ಹೊತ್ತಿನಲ್ಲಿ. ಬೇಡ ಎಂದು ಕಳಿಸಿದ ಗಿರಾಕಿಗಳೆಷ್ಟು ಎಂದು ಕೇಳಿದರೆ ಇಬ್ಬರಿಗೂ ನೆನಪಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ‘ಇಲ್ಲ’ ಎಂದ ಪ್ರತಿ ಫೋನನ್ನೂ ತಟ್ಟೆಯ ಸಂಖ್ಯೆಯೊಂದಿಗೆ ಬರೆದಿಡಿ ಎಂದೆ. ಆ ವರ್ಷದ ನವೆಂಬರ್ ಪುಟದಲ್ಲಿ ಹಾಲಿನ ಲೆಕ್ಕಕ್ಕೆ ಜಾಗವೇ ಉಳಿದಿರಲಿಲ್ಲ. ಒಟ್ಟು ಕೂಡಿದರೆ ಎಪ್ಪತ್ತು ಸಾವಿರ ತಟ್ಟೆ ದಾಟಿತು. ಸಾಲದ ಅರ್ಜಿಯನ್ನು ನಾನೇ ವಾಪಸು ಪಡೆದೆ.

ಮುಂದಿನ ಬೇಸಿಗೆಯಲ್ಲೇ ಕಾರ್ತಿಕಕ್ಕೆ ಹಾಳೆ ಕೂಡಿಡುವುದೆಂದು ತೀರ್ಮಾನವಾಯಿತು. ದಿನಕ್ಕೆ ಸಾವಿರ ಹಾಳೆ ಬೇಕು, ಅದರಲ್ಲಿ ಸಾವಿರದೈನೂರು ತಟ್ಟೆ ಆಗುತ್ತದೆ. ಮೊದಲ ಸಲಕ್ಕೆ ನಲವತ್ತು ದಿನದ್ದಾದರೂ ಇರಲಿ, ನಲವತ್ತು ಸಾವಿರ. ಎಕರೆಗೆ ಸುಮಾರು 550 ಮರ, ಬಿದ್ದ ಹಾಳೆಯಲ್ಲಿ ಒಣದಿನಗಳದ್ದು ಅರ್ಧ ಎಂದು ಹಿಡಿದರೂ ಇಪ್ಪತ್ತು ಎಕರೆಗೂ ಹೆಚ್ಚು ತೋಟ ಬೇಕು. ಅವರಿಗಿರುವುದು ಎರಡು. ಅಲ್ಲಿಯವರೆಗೆ ಲಾರಿಯಲ್ಲಿ ತಂದು ಸುರಿಯುವ ಮಧ್ಯವರ್ತಿಯಿಂದ ಹಾಳೆಗೆ ಒಂದೂವರೆ ರೂಪಾಯಿ ಕೊಟ್ಟು ಕೊಳ್ಳುತ್ತಿದ್ದರು. ನಾನು ಎದುರು ಕುಳಿತು ಒಂದು ನೂರನ್ನು ಎಣಿಸಿ ವಿಂಗಡಿಸಿದೆ. ಸೀಳಿದ್ದು, ಮಚ್ಚೆಯದು, ಅಗಲ ಸಾಲದ್ದು ಸೇರಿ ಮೂವತ್ತಮೂರು ಬಿಸಾಡಿದೆವು. ಅಂದರೆ ಕೆಲಸಕ್ಕೆ ಬರುವ ಹಾಳೆಗೆ ಬಿದ್ದ ಬೆಲೆ ಎರಡೂಕಾಲು. ಅದರ ಬದಲು ಅಕ್ಕಪಕ್ಕದ ತೋಟಗಳವರಿಗೇ ಆರಿಸಿದ ಹಾಳೆಗೆ ಎರಡು ರೂಪಾಯಿ, ತಂದ ಕೂಡಲೇ ನಗದು. ಕೊಳೆರೋಗದ ಜೊತೆ ಎಲೆಚುಕ್ಕಿಯೂ ಸೇರಿಕೊಂಡು ಬೆಳೆಗಾರರ ಕೈ ಬಿಗಿಯಾಗಿದ್ದ ಸಮಯ, ಹೆಂಗಸರೂ ಮಕ್ಕಳೂ ಕಟ್ಟು ಕಟ್ಟಿ ತಂದರು. ಚಿಕ್ಕಂದಿನಲ್ಲಿ ಹಾಳೆಯ ಮೇಲೆ ಕೂತು ಅಂಗಳವಿಡೀ ಎಳೆಸಿಕೊಂಡವನು ನಾನು, ಅದಕ್ಕೆ ದರಪಟ್ಟಿ ಬರೆಯುವ ದಿನ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇಡಲು ಜಾಗಕ್ಕೆ ಅಡಿಕೆ ಒಣಗಿಸುವ ಪಾಲಿಹೌಸ್ ಇತ್ತು. ಕೊಯ್ಲು ಮುಗಿದ ಮೇಲೆ ಅದು ಹೇಗೂ ಖಾಲಿ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಅವರು ಅಟ್ಟಣಿಗೆ ಹಾಕಿಸೋಣ ಎಂದಾಗ, ಮೊದಲ ವರ್ಷವೇ ಖರ್ಚು ಯಾಕೆ, ಟಾರ್ಪಾಲಿನ ಮೇಲೆ ಪೇರಿಸಿ ಎಂದುಬಿಟ್ಟೆ. ಮಲೆನಾಡಿನಲ್ಲೇ ಹುಟ್ಟಿದವನಿಗೆ ಜುಲೈ ತಿಂಗಳಲ್ಲಿ ನೆಲ ಬೆವರುತ್ತದೆಂಬುದು ಮರೆತಿತ್ತು. ಕೆಳಗಿನ ಸಾಲುಗಳಲ್ಲಿ ಆರು ಸಾವಿರ ಹಾಳೆ ಬೂಷ್ಟು ಹಿಡಿದು ಗೊಬ್ಬರದ ಗುಂಡಿಗೆ ಹೋಯಿತು. ಹನ್ನೆರಡು ಸಾವಿರ ರೂಪಾಯಿ. ಯಜಮಾನರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಆಮೇಲೆ ಸತ್ತ ಅಡಿಕೆ ಮರಗಳನ್ನು ಸೀಳಿ, ನೆಲದಿಂದ ಒಂದೂವರೆ ಅಡಿ ಮೇಲೆ ಅಡಿಕೆ ದಬ್ಬೆಯ ಅಟ್ಟಣಿಗೆ ಅವರೇ ಕಟ್ಟಿಕೊಂಡರು. ಖರ್ಚು ಮೊಳೆಯದ್ದು ಮಾತ್ರ.

ಉಳಿದ ಹಾಳೆಯಲ್ಲಿ 2024ರ ಕಾರ್ತಿಕಕ್ಕೆ ತಟ್ಟೆ ಒತ್ತಿದರು. ಬೇಸಿಗೆಯಲ್ಲಿ ಮೂರೂವರೆ ರೂಪಾಯಿಗೆ ಹೋಗುವ ತಟ್ಟೆ ಆಗ ನಾಲ್ಕೂವರೆಗೆ ಹೋಯಿತು, ಅದೂ ಅಡುಗೆ ಕಾಂಟ್ರಾಕ್ಟರುಗಳು ಮುಂಗಡ ಕೊಟ್ಟು. ಆ ವರ್ಷ ವಹಿವಾಟು ಹತ್ತು ಲಕ್ಷ ದಾಟಿತು.

ಬೇಸಿಗೆಯ ಮಾಲನ್ನು ಅರುವತ್ತು, ಎಪ್ಪತ್ತು ದಿನ ಉದ್ರಿಯಲ್ಲಿ ಒಯ್ಯುತ್ತಿದ್ದ ಬೆಂಗಳೂರಿನ ಏಜೆಂಟರ ವಿಷಯ ಚಿಕ್ಕದು. ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ ಗಡುವಿನೊಳಗೆ, ಲಿಖಿತ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದೊಳಗೆ, ಹಣ ಕೊಡದಿದ್ದರೆ ಕೊಳ್ಳುವವರು ಅದನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು ಎಂಬ ಆಗಿನ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮವನ್ನು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸಿದೆ. ಒಬ್ಬರು ಬೇಗ ಕೊಟ್ಟರು. ಇನ್ನೊಬ್ಬರು ಸದ್ದಿಲ್ಲದೆ ನೋಂದಣಿಯಿಲ್ಲದ ಬೇರೆ ಘಟಕಕ್ಕೆ ಹೋದರು. ಹೋದದ್ದು ಒಳ್ಳೆಯದೇ ಆಯಿತು, ಅವರ ಉದ್ರಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದ ಹಣವೇ ಹಾಳೆ ಕೊಳ್ಳಲು ಬೇಕಿತ್ತು.

2025ರ ಆರಂಭದಲ್ಲಿ ಅಮೆರಿಕಕ್ಕೆ ರಫ್ತು ಮಾಡುವ ಮಾತು ಬಂತು. ಯಜಮಾನರಿಗಿಂತ ನನಗೇ ಹುರುಪು ಹೆಚ್ಚು. ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಹಾಳೆಯಲ್ಲಿರುವ ಅಡಿಕೆಯ ಆಲ್ಕಲಾಯ್ಡುಗಳು ಊಟಕ್ಕೆ ಇಳಿಯಬಹುದೆಂದು ಹೇಳಿ ಈ ತಟ್ಟೆಗಳಿಗೆ ತಡೆ ಹಾಕಿತು. ನಾವು ಬಚಾವಾದದ್ದು ಕಾಗದಪತ್ರ ನಿಧಾನವಾಗಿದ್ದರಿಂದ, ನನ್ನ ಜಾಣತನದಿಂದಲ್ಲ.

ಮೊನ್ನೆ ಹೋದಾಗ ದಬ್ಬೆಯ ಮೇಲೆ ಹಾಳೆ ಸೂರಿನವರೆಗೂ ಇತ್ತು. ಮಷಿನ್ನುಗಳೆರಡೂ ಓಡುತ್ತಿದ್ದವು. ಅವುಗಳ ಪಕ್ಕದಲ್ಲಿ ಅಂಚು ಕತ್ತರಿಸದ ತಟ್ಟೆಗಳ ರಾಶಿ ಸೊಂಟದೆತ್ತರ ಬೆಳೆದಿತ್ತು. ‘ಒತ್ತುವುದು ಬೇಗ ಆಗುತ್ತದೆ ಅಣ್ಣ, ಕತ್ತರಿಸಲು ನಾನೊಬ್ಬಳೇ’ ಎಂದು ಆಕೆ ಮಣಿಕಟ್ಟು ಒತ್ತಿಕೊಂಡರು. ಯಜಮಾನರು ಒಳಗಿನಿಂದ ಮೂರನೇ ಮಷಿನ್ನಿನ ಹಳೆಯ ಕೊಟೇಶನ್ ತಂದು ನನ್ನ ಮುಂದಿಟ್ಟರು. ನಾನು ಅದನ್ನು ಮಡಚಿ, ಕತ್ತರಿಸುವ ಕೆಲಸಕ್ಕೆ ಬರುವಂಥ ಒಬ್ಬ ಹುಡುಗಿ ಊರಿನಲ್ಲಿ ಸಿಗಬಹುದೇ ಎಂದು ಕೇಳಿದೆ.