ಜುಲೈನ ಅಳತೆ, ನವೆಂಬರಿನ ಅಳತೆ

ವಾಸ್ಕೋದ ಝುವಾರಿನಗರ ಮತ್ತು ಬೈನಾದಲ್ಲಿ ನೆಲೆಸಿರುವ, ಬಾಗಲಕೋಟೆ, ಗದಗ, ವಿಜಯಪುರ ಕಡೆಯ ಕಟ್ಟಡ ಕಾರ್ಮಿಕರ ಮನೆಯ ಹೆಣ್ಣುಮಕ್ಕಳಿಗಾಗಿ ಖಿನ್ನತೆಯ ಆಪ್ತಸಮಾಲೋಚನೆಯನ್ನು ರೂಪಿಸಲು ಹೊರಟಾಗ ನಮಗೆ ಮಾದರಿ ಗೋವಾದಲ್ಲಿಯೇ ಸಿಕ್ಕಿತು. ಇಲ್ಲಿನ ಸಂಗಾತ್ ಸಂಸ್ಥೆಯು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನೋವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, 6ರಿಂದ 8 ಭೇಟಿಗಳ ಚಿಕಿತ್ಸೆಯೊಂದನ್ನು ಪರೀಕ್ಷಿಸಿತ್ತು. ಅದರ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಮನಸ್ಸು ಕುಗ್ಗಿದವರು ಒಂದೊಂದೇ ಕೆಲಸ, ಒಂದೊಂದೇ ಒಡನಾಟ ಬಿಡುತ್ತ ಹೋಗುತ್ತಾರೆ, ಬಿಟ್ಟಷ್ಟೂ ಇನ್ನಷ್ಟು ಕುಗ್ಗುತ್ತಾರೆ. ಆದ್ದರಿಂದ ಬಿಟ್ಟದ್ದರಲ್ಲಿ ಚಿಕ್ಕದೊಂದನ್ನು ಮತ್ತೆ ಹಿಡಿಸಬೇಕು ಎಂಬುದು ಅದರ ತಿರುಳು.

ಕಷ್ಟವಾದದ್ದು ಅಳತೆ. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯ ಗ್ರಂಥಸ್ಥ ಕನ್ನಡವನ್ನು ಓದಿ ಹೇಳಿದಾಗ ಒಬ್ಬ ತಾಯಿ, “ಖಿನ್ನತೆ ಅಂದ್ರ ಏನ್ರಿ ಅಕ್ಕಾರ?” ಎಂದು ಕೇಳಿದರು. ‘ಮನಸ್ಸಿಗೆ ಬ್ಯಾಸರ’, ‘ಯಾವುದೂ ಬ್ಯಾಡನಿಸೋದು’ ಎಂದು ಬದಲಿಸಿದೆವು. ಗಮನ ನಿಲ್ಲದಿರುವುದರ ಪ್ರಶ್ನೆಯಲ್ಲಿದ್ದ ಪತ್ರಿಕೆ ಓದುವ ಉದಾಹರಣೆಯ ಜಾಗದಲ್ಲಿ, ಒಲೆಯ ಮೇಲೆ ರೊಟ್ಟಿ ಹಾಕಿ ಮರೆಯುವುದನ್ನು ತಂದೆವು. ‘ಅರ್ಧಕ್ಕಿಂತ ಹೆಚ್ಚು ದಿನಗಳು’ ಎಂಬ ಆಯ್ಕೆ ಬಹಳ ಜನರಿಗೆ ಹಿಡಿಯದಿದ್ದುದರಿಂದ ಎರಡು ವಾರಕ್ಕೆ 14 ಹುಣಸೆ ಬೀಜ ಕೊಟ್ಟು, ಬ್ಯಾಸರದ ದಿನಗಳಷ್ಟನ್ನು ಬೇರೆ ಇಡಲು ಹೇಳಿದೆವು. ಉತ್ತರಗಳು ಆಗಿನಿಂದ ಸ್ಪಷ್ಟವಾದವು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಹೌದೆಂದವರನ್ನು ಅದೇ ದಿನ ವೈದ್ಯರ ಬಳಿ ಕರೆದೊಯ್ಯುವ ಏರ್ಪಾಡು ಆಗುವವರೆಗೆ ನಾವು ಯಾರನ್ನೂ ಏನನ್ನೂ ಕೇಳಲಿಲ್ಲ.

ಮೊದಲ ವರ್ಷ ಜುಲೈನಲ್ಲಿ ಅಳೆದು, ಹೆಚ್ಚು ಅಂಕ ಬಂದವರಿಗೆ ಸಮಾಲೋಚನೆ ನೀಡಿ, ನವೆಂಬರಿನಲ್ಲಿ ಮತ್ತೆ ಅಳೆದಾಗ ಅಂಕಗಳು ಚೆನ್ನಾಗಿ ಇಳಿದಿದ್ದವು. ನಾನು ವರದಿಯನ್ನೂ ಬರೆದೆ. ಅದನ್ನು ಓದಿದ ಹಿರಿಯ ಸಂಖ್ಯಾಶಾಸ್ತ್ರಜ್ಞರೊಬ್ಬರು ಕೇಳಿದ್ದು ಒಂದೇ: “ಜುಲೈನಲ್ಲಿ ಇವರ ಮನೆಗಳಲ್ಲಿ ದುಡಿಮೆ ಇತ್ತೇನಮ್ಮ?” ಇರಲಿಲ್ಲ. ಗೋವಾದ ಮಳೆಯಲ್ಲಿ ಕಟ್ಟಡದ ಕೆಲಸ ನಿಲ್ಲುತ್ತದೆ, ಕೂಲಿ ನಿಲ್ಲುತ್ತದೆ, ಖೋಲಿಯ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ನವೆಂಬರಿನ ಹೊತ್ತಿಗೆ ಕೆಲಸ ಮರಳಿರುತ್ತದೆ. ಇದರ ಜೊತೆಗೆ, ತೀರಾ ಕೆಟ್ಟ ದಿನಗಳಲ್ಲಿ ಅಳೆದು ಆರಿಸಿದವರ ಅಂಕ, ಯಾರೂ ಏನೂ ಮಾಡದಿದ್ದರೂ, ಮುಂದಿನ ಅಳತೆಯಲ್ಲಿ ಸರಾಸರಿಯತ್ತ ಮರಳುವುದು ಸಹಜ. ನಾನು ಮಾದರಿಯೆಂದು ಹಿಡಿದಿದ್ದ ಅಧ್ಯಯನದಲ್ಲೇ, ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ಶೇ. 64ರಷ್ಟು ಜನ ಚೇತರಿಸಿಕೊಂಡಿದ್ದರೆ, ಪಡೆಯದವರಲ್ಲೂ ಶೇ. 39ರಷ್ಟು ಜನ ಚೇತರಿಸಿಕೊಂಡಿದ್ದರು. ಎರಡನೆಯ ಅಂಕಿಯನ್ನು ನಾನು ಓದಿಯೂ ಓದಿರಲಿಲ್ಲ. ಆ ವರದಿಯನ್ನು ಹಿಂತೆಗೆದುಕೊಂಡೆ.

ಮರುವರ್ಷ ಎಲ್ಲರ ಒಪ್ಪಿಗೆ ಪಡೆದು, ಯಾವ ಓಣಿಗೆ ಮೊದಲು, ಯಾವ ಓಣಿಗೆ ನಂತರ ಎಂಬುದನ್ನು ಅವರೆದುರೇ ಚೀಟಿ ಎತ್ತಿ ತೀರ್ಮಾನಿಸಿದೆವು. ವ್ಯಕ್ತಿಗಳ ಬದಲು ಓಣಿಗಳನ್ನು ಆರಿಸಿದ್ದೇಕೆಂದರೆ, ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರ ನಡುವೆ ಒಬ್ಬಳು ಸಮಾಲೋಚನೆಯಲ್ಲಿ ಕೇಳಿದ ಮಾತು ಅವಳಲ್ಲೇ ಉಳಿಯುವುದಿಲ್ಲ. ಇದಕ್ಕೂ ಬೆಲೆಯಿದೆ: ಒಂದೇ ಓಣಿಯವರ ಉತ್ತರಗಳು ಪರಸ್ಪರ ಹೋಲುವುದರಿಂದ ಹೆಚ್ಚು ಜನ ಬೇಕಾಗುತ್ತಾರೆ. ಓಣಿಗೆ 20 ಜನರಿದ್ದು ಆ ಹೋಲಿಕೆಯ ಪ್ರಮಾಣ, ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ, ಬರೀ 0.05 ಎಂದು ಹಿಡಿದರೂ ಬೇಕಾಗುವ ಜನರ ಸಂಖ್ಯೆ 1.95 ಪಟ್ಟಾಗುತ್ತದೆ. ಸಮಾಲೋಚಕಿಯರೇ ಅಂಕ ಹಾಕುವುದನ್ನು ನಿಲ್ಲಿಸಿದೆವು, ಏಕೆಂದರೆ ತಮಗಾಗಿ ಎಂಟು ಸಂಜೆ ಬಂದು ಕುಳಿತವಳ ಮುಖ ನೋಡಿ “ಇನ್ನೂ ಹಂಗೇ ಐತಿ” ಎನ್ನಲು ಯಾರಿಗೂ ಮನಸ್ಸು ಬಾರದು. ಯಾವ ಓಣಿ ಯಾವ ಗುಂಪೆಂದು ತಿಳಿಯದವರು ಬಂದು ಅಳೆದರು. ಬನಶಂಕರಿ ಜಾತ್ರೆಗೆಂದು ಊರಿಗೆ ಹೋಗಿ ಮರಳದವರನ್ನು ಲೆಕ್ಕದಿಂದ ಕೈಬಿಡದೆ, ಫೋನಿನಲ್ಲಿ ಹುಡುಕಿ ಕೇಳಿ, ಅವರವರ ಮೂಲ ಗುಂಪಿನಲ್ಲಿಯೇ ಎಣಿಸಿದೆವು.

ಕಾಯುತ್ತಿದ್ದ ಓಣಿಗಳಲ್ಲೂ ಅಂಕ ಇಳಿಯಿತು. ಸಮಾಲೋಚನೆ ನಡೆದ ಓಣಿಗಳಲ್ಲಿ ಅದಕ್ಕಿಂತ ಹೆಚ್ಚು ಇಳಿಯಿತು, ಆದರೆ ಆ ಅಂತರ ನನ್ನ ಹಳೆಯ ವರದಿಯಲ್ಲಿದ್ದ ಇಳಿಕೆಗಿಂತ ಬಹಳ ಚಿಕ್ಕದಾಗಿತ್ತು. ಈ ಸಲ ಎರಡೂ ಗುಂಪಿನ ಅಂಕಗಳನ್ನು ಒಂದೇ ಪುಟದಲ್ಲಿ ಬರೆದೆ. ಕಾದಿದ್ದ ಓಣಿಗಳಲ್ಲಿ ಸಮಾಲೋಚನೆಯನ್ನು ಮುಂದಿನ ಜೂನ್ ಮೊದಲ ವಾರದಲ್ಲೇ, ಕೂಲಿ ನಿಲ್ಲುವ ಮೊದಲು ಆರಂಭಿಸಿದೆವು.