ಈಸ್ಟರ್ ಯಾವತ್ತು? ಪೆನ್ಸಿಲ್ ಹಿಡಿದು ಹುಣ್ಣಿಮೆ ಹುಡುಕೋಣ

2019ರ ಮಾರ್ಚ್‌ನಲ್ಲಿ ನನ್ನ ಲೆಕ್ಕ ತಪ್ಪಿತು. ವಸಂತ ವಿಷುವ, ಅಂದರೆ ಮಾರ್ಚ್‌ನಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುವ ಗಳಿಗೆ, ಕಳೆದು ನಾಲ್ಕು ಗಂಟೆ ಆಗುವುದರೊಳಗೆ ಹುಣ್ಣಿಮೆ ಬಂದಿತ್ತು. ವಿಷುವದ ನಂತರದ ಹುಣ್ಣಿಮೆ, ಅದಾದ ಮೇಲಿನ ಭಾನುವಾರ ಈಸ್ಟರ್ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಹಾಗಾಗಿ ಮಾರ್ಚ್ 24ಕ್ಕೆ ಹಬ್ಬ ಎಂದುಕೊಂಡೆ. ಕ್ಯಾಲೆಂಡರಿನಲ್ಲಿ ಇದ್ದದ್ದು ಏಪ್ರಿಲ್ 21!

ಯಾಕೆ ಹೀಗೆ ಎಂದು ಹುಡುಕುತ್ತಾ ಹೋದಾಗ ತಿಳಿದದ್ದು ಇಷ್ಟು: ಚರ್ಚ್ ಆಕಾಶದ ಚಂದ್ರನನ್ನು ನೋಡಿ ದಿನ ಗೊತ್ತುಮಾಡುವುದಿಲ್ಲ. ಅದರದು ಕೋಷ್ಟಕದ ಚಂದ್ರ. ವಿಷುವ ಯಾವ ಗಳಿಗೆಯಲ್ಲಾದರೂ ಬರಲಿ, ಲೆಕ್ಕಕ್ಕೆ ಮಾರ್ಚ್ 21 ಎಂದೇ ಹಿಡಿಯಬೇಕು. 2019ರಲ್ಲಿ ಕೋಷ್ಟಕದ ಹುಣ್ಣಿಮೆ ಮಾರ್ಚ್ 20ಕ್ಕೆ ಬಿದ್ದಿತ್ತು. ಒಂದೇ ದಿನ ಮೊದಲು. ಅದನ್ನು ಬಿಟ್ಟು ಮುಂದಿನ ಹುಣ್ಣಿಮೆಗೆ ಕಾಯಬೇಕಾಯಿತು. ಎಲ್ಲ ದೇಶದವರಿಗೂ ಒಂದೇ ದಿನ ಸಿಗಬೇಕಾದರೆ ಇದೇ ಸರಿಯಾದ ದಾರಿ ಎಂದು ಈಗ ನನಗೆ ಮನವರಿಕೆಯಾಗಿದೆ. ಒಂದೇ ಹುಣ್ಣಿಮೆಯ ಕ್ಷಣ ಒಂದು ದೇಶದಲ್ಲಿ ಶನಿವಾರ, ಇನ್ನೊಂದರಲ್ಲಿ ಭಾನುವಾರ ಆಗಿಬಿಡಬಹುದಲ್ಲ.

ಈಗ ಲೆಕ್ಕ. ವರ್ಷವನ್ನು 19ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿ. ಇದಕ್ಕೆ ಸುವರ್ಣ ಸಂಖ್ಯೆ ಎಂದು ಹೆಸರು. 19 ವರ್ಷಕ್ಕೆ 235 ಚಾಂದ್ರಮಾಸಗಳು ಹೆಚ್ಚುಕಡಿಮೆ ಸರಿಹೊಂದುತ್ತವೆ. ವ್ಯತ್ಯಾಸ ಸುಮಾರು ಎರಡು ಗಂಟೆ ಮಾತ್ರ. ಆದ್ದರಿಂದ 19 ವರ್ಷಕ್ಕೊಮ್ಮೆ ಹುಣ್ಣಿಮೆ ಅದೇ ತಾರೀಖಿಗೆ ಮರಳುತ್ತದೆ.

ಸುವರ್ಣ ಸಂಖ್ಯೆ 1 ಆದರೆ ಹುಣ್ಣಿಮೆ ಏಪ್ರಿಲ್ 14. ಅಲ್ಲಿಂದ ಸಂಖ್ಯೆ ಒಂದೊಂದು ಏರಿದಂತೆ 11 ದಿನ ಹಿಂದಕ್ಕೆ ಹೋಗಿ, ಏಕೆಂದರೆ ಹನ್ನೆರಡು ಚಾಂದ್ರಮಾಸಗಳು ಸೇರಿದರೆ 354 ದಿನ, ವರ್ಷಕ್ಕಿಂತ 11 ಕಡಿಮೆ. ಮಾರ್ಚ್ 21ಕ್ಕಿಂತ ಹಿಂದೆ ಸರಿದರೆ 30 ದಿನ ಸೇರಿಸಿ. 14, 3, ಮಾರ್ಚ್ 23, ಏಪ್ರಿಲ್ 11, ಮಾರ್ಚ್ 31, ಹೀಗೆ ಸಾಗುತ್ತದೆ. ಎರಡು ಕಡೆ ಮಾತ್ರ ಎಚ್ಚರ: ಸಂಖ್ಯೆ 6ಕ್ಕೆ ಏಪ್ರಿಲ್ 19 ಬರುತ್ತದೆ, 18 ಎಂದು ಬರೆದುಕೊಳ್ಳಿ. ಸಂಖ್ಯೆ 17ಕ್ಕೆ ಏಪ್ರಿಲ್ 18 ಬರುತ್ತದೆ, ಏಪ್ರಿಲ್ 17 ಎಂದು ಬರೆದುಕೊಳ್ಳಿ. ಆದರೆ ಮುಂದಿನ ಸಂಖ್ಯೆಗೆ ಹೋಗುವಾಗ ತಿದ್ದುವ ಮೊದಲಿನ ತಾರೀಖಿನಿಂದಲೇ 11 ಕಳೆಯಿರಿ. ನಾನು ಮೊದಲ ಸಲ ಎಡವಿದ್ದು ಇಲ್ಲೇ. ಈ ಪಟ್ಟಿ 1900ರಿಂದ 2199ರವರೆಗೆ ನಡೆಯುತ್ತದೆ.

2027ನ್ನು ನೋಡೋಣ. ಶೇಷ 13, ಸುವರ್ಣ ಸಂಖ್ಯೆ 14, ಹುಣ್ಣಿಮೆ ಮಾರ್ಚ್ 22, ಸೋಮವಾರ. ಮುಂದಿನ ಭಾನುವಾರ ಮಾರ್ಚ್ 28, ಅದೇ ಈಸ್ಟರ್. ಎರಡು ದಿನ ಹಿಂದೆ ಶುಭ ಶುಕ್ರವಾರ, 46 ದಿನ ಹಿಂದೆ, ಫೆಬ್ರವರಿ 10ಕ್ಕೆ, ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ.

ಹುಣ್ಣಿಮೆಯೇ ಭಾನುವಾರ ಬಿದ್ದರೆ? ಆ ದಿನ ಹಬ್ಬವಿಲ್ಲ, ಒಂದು ವಾರ ಮುಂದಕ್ಕೆ. 2025ರಲ್ಲಿ ಏಪ್ರಿಲ್ 13 ಭಾನುವಾರ ಹುಣ್ಣಿಮೆ, ಈಸ್ಟರ್ 20ಕ್ಕೆ ಬಂತು. 2038ರಲ್ಲಿ ಏಪ್ರಿಲ್ 18 ಭಾನುವಾರ, ಹಾಗಾಗಿ ಹಬ್ಬ ಏಪ್ರಿಲ್ 25. ಅದಕ್ಕಿಂತ ತಡವಾಗಿ ಈಸ್ಟರ್ ಬರುವಂತೆಯೇ ಇಲ್ಲ. ಎಲ್ಲಕ್ಕಿಂತ ಬೇಗ ಎಂದರೆ ಮಾರ್ಚ್ 22.

ಹೆಚ್ಚಿನ ಆರ್ಥೊಡಾಕ್ಸ್ ಚರ್ಚುಗಳು 1582ರಲ್ಲಿ ಪೋಪ್ ಗ್ರೆಗರಿ ಮಾಡಿದ ಕ್ಯಾಲೆಂಡರ್ ಸುಧಾರಣೆಗೆ ಮೊದಲಿನ ಜೂಲಿಯನ್ ಕೋಷ್ಟಕವನ್ನೇ ಉಳಿಸಿಕೊಂಡಿವೆ. 2027ರಲ್ಲಿ ಅವರ ಈಸ್ಟರ್ ಮೇ 2.

ಲೆಕ್ಕ ಮುಗಿದ ಮೇಲೂ ನಾನು ಶುಭ ಶುಕ್ರವಾರ ರಾತ್ರಿ ಹೊರಗೆ ಬಂದು ನೋಡುತ್ತೇನೆ. ಯೆಹೂದ್ಯರ ಪಾಸ್ಕ ಹಬ್ಬ ಹುಣ್ಣಿಮೆಯದು, ಯೇಸು ಶಿಲುಬೆಗೇರಿದ್ದು ಆ ಹಬ್ಬದ ಹೊತ್ತಿನಲ್ಲೇ. ಆ ರಾತ್ರಿ ಎಳೆಗೆರೆಯ ಬಿದಿಗೆ ಚಂದ್ರ ಎಂದೂ ಕಾಣುವುದಿಲ್ಲ. 2027ರಲ್ಲಿ ಹುಣ್ಣಿಮೆ ದಾಟಿ ನಾಲ್ಕು ದಿನ ಆಗಿರುತ್ತದೆ, ಅಂಚು ಸವೆದ ಚಂದ್ರ ಬರಲು ಕತ್ತಲಲ್ಲಿ ಸ್ವಲ್ಪ ಹೊತ್ತು ಕಾಯಬೇಕು.