ಬೇಯಿಸಿದ ಲಾಬ್‌ಸ್ಟರ್: ಏನನ್ನು ತಿನ್ನಬೇಕು, ಏನನ್ನು ಬಿಡಬೇಕು?

ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಲಾಬ್‌ಸ್ಟರನ್ನು ಇಡಿಯಾಗಿ ಬೇಯಿಸಿ, ಚಿಪ್ಪಿನ ಸಮೇತ ತಟ್ಟೆಗೆ ತಂದಿಡುತ್ತಾರೆ. ನಮ್ಮ ಕಡಲಿನ ಮುಳ್ಳು ಲಾಬ್‌ಸ್ಟರ್‌ಗೆ ಇಕ್ಕಳದಂಥ ದೊಡ್ಡ ಕೈಗಳಿಲ್ಲದ ಕಾರಣ, ಏಡಿ ಬಿಡಿಸಿ ತಿಂದು ಪಳಗಿದವರಿಗೂ ಎಲ್ಲಿಂದ ಶುರು ಮಾಡಬೇಕೆಂದು ತೋಚುವುದಿಲ್ಲ. ಬಹಳ ಮಂದಿ ಬಾಲವನ್ನೂ ಕೈಗಳನ್ನೂ ಮಾತ್ರ ತಿಂದು ಉಳಿದದ್ದನ್ನು ಎಸೆದುಬಿಡುತ್ತಾರೆ. ಒಂದು ಪೌಂಡ್ ಮಾಂಸ ಸಿಗಬೇಕಾದರೆ ನಾಲ್ಕೈದು ಪೌಂಡ್ ಲಾಬ್‌ಸ್ಟರ್ ಬೇಕಾಗುವುದರಿಂದ, ಹಾಗೆ ಎಸೆಯುವುದು ದೊಡ್ಡ ನಷ್ಟ.

ಮೊದಲು ಎರಡೂ ಕೈಗಳನ್ನು ಬುಡದಲ್ಲಿ ತಿರುಚಿ ಕಿತ್ತುಕೊಳ್ಳಿ. ಕೈಯ ಸಣ್ಣ ಬೆರಳನ್ನು ಪಕ್ಕಕ್ಕೆ ಬಾಗಿಸಿ ನಿಧಾನವಾಗಿ ಎಳೆದರೆ, ಒಳಗಿರುವ ತೆಳ್ಳನೆಯ ಬಿಳಿ ಬಿಲ್ಲೆಯೂ ಅದರ ಜೊತೆಗೇ ಹೊರಬರುತ್ತದೆ, ಅದು ತಿನ್ನುವಂಥದ್ದಲ್ಲ. ಆಮೇಲೆ ಚಿಪ್ಪನ್ನು ಒಡೆದರೆ ಮಾಂಸ ಇಡಿಯಾಗಿ ಸಿಗುತ್ತದೆ. ಕೈಯನ್ನು ದೇಹಕ್ಕೆ ಸೇರಿಸುವ ಗಿಣ್ಣುಗಳನ್ನು ಮರೆಯಬೇಡಿ, ನನ್ನ ಮಟ್ಟಿಗೆ ಅತಿ ಸಿಹಿಯಾದ ಮಾಂಸ ಇರುವುದು ಅಲ್ಲಿಯೇ.

ಬಾಲವನ್ನು ತಿರುಚಿ ಬೇರ್ಪಡಿಸಿ, ತುದಿಯ ರೆಕ್ಕೆಗಳನ್ನು ಮುರಿದು, ಆ ಸಣ್ಣ ತೂತಿನಿಂದ ಬೆರಳು ತೂರಿಸಿ ಮಾಂಸವನ್ನು ಮುಂದಕ್ಕೆ ತಳ್ಳಿ. ಬೆನ್ನಿನುದ್ದಕ್ಕೂ ಕಾಣುವ ಕಪ್ಪು ದಾರ ಕರುಳು; ಸಿಗಡಿಯಲ್ಲಿ ಮಾಡುವಂತೆಯೇ ಅದನ್ನು ಎಳೆದು ತೆಗೆಯಿರಿ.

ಎಂಟು ಸಣ್ಣ ಕಾಲುಗಳಿಗೆ ಲಟ್ಟಣಿಗೆ ಸಾಕು. ತುದಿಯಿಂದ ತೆರೆದ ಬಾಯಿಯ ಕಡೆಗೆ ಒತ್ತಿ ಉರುಳಿಸಿದರೆ, ಮಾಂಸದ ಸಣ್ಣ ಎಳೆ ತಾನಾಗಿಯೇ ಜಾರಿ ಹೊರಬರುತ್ತದೆ.

ಹೆಚ್ಚು ತಾಳ್ಮೆ ಬೇಕಾಗುವುದು ದೇಹದ ಭಾಗಕ್ಕೆ. ಮೇಲಿನ ಚಿಪ್ಪನ್ನು ಕಳಚಿದಾಗ ಕಣ್ಣುಗಳ ಹಿಂದೆ ಒಂದು ಗಟ್ಟಿ ಚೀಲ ಕಾಣುತ್ತದೆ. ಆಹಾರವನ್ನು ಅರೆಯುವ ಹಲ್ಲುಗಳಿರುವ ಜಠರ ಅದು, ತೆಗೆದುಹಾಕಿ. ಎರಡೂ ಪಕ್ಕದಲ್ಲಿ ಹಕ್ಕಿಯ ಗರಿಯಂತಿರುವ ಬೂದು ಬಣ್ಣದ ಕಿವಿರುಗಳನ್ನೂ ಕಿತ್ತು ಬಿಸಾಡಿ. ಉಳಿದ ಭಾಗವನ್ನು ಉದ್ದಕ್ಕೆ ಎರಡಾಗಿ ಸೀಳಿದರೆ, ಪ್ರತಿ ಕಾಲಿನ ಬುಡದಲ್ಲೂ ಒಂದೊಂದು ಗೂಡು ಇರುತ್ತದೆ. ಕಡ್ಡಿಯಿಂದ ಕೆದಕಿದರೆ ಬಿಳಿಯ ಮಾಂಸ ಸಿಗುತ್ತದೆ.

ದೇಹದೊಳಗಿನ ಹಸಿರು ಮುದ್ದೆಯ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ಇದು ಲಾಬ್‌ಸ್ಟರಿನ ಯಕೃತ್ತು ಮತ್ತು ಮೇದೋಜೀರಕಾಂಗದ ಕೆಲಸವನ್ನು ಒಟ್ಟಿಗೆ ಮಾಡುವ ಅಂಗ. ರುಚಿಗಾಗಿ ಇದನ್ನು ಬ್ರೆಡ್ಡಿಗೆ ಸವರಿ ತಿನ್ನುವವರಿದ್ದಾರೆ. ಆದರೆ ಸಮುದ್ರದ ಪಾಚಿಯಿಂದ ಬರುವ ಪಾರ್ಶ್ವವಾಯುಕಾರಕ ವಿಷ ಇದರಲ್ಲಿ ಶೇಖರವಾಗಬಲ್ಲದು ಮತ್ತು ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಹೀಗಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರಲ್ಲಿ ಈ ಭಾಗವನ್ನು ತಿನ್ನಬೇಡಿ ಎಂದು ಎಚ್ಚರಿಸಿತು. ಮಾಂಸಕ್ಕೆ ಆ ಎಚ್ಚರಿಕೆ ಅನ್ವಯಿಸುವುದಿಲ್ಲ. ಗರ್ಭಿಣಿಯರೂ ಮಕ್ಕಳೂ ಊಟಕ್ಕೆ ಕೂತಿದ್ದರೆ ಈ ಮುದ್ದೆ ತಟ್ಟೆಗೇ ಬರದಂತೆ ನೋಡಿಕೊಳ್ಳಿ.

ಹೆಣ್ಣು ಲಾಬ್‌ಸ್ಟರಿನೊಳಗೆ ಕೆಂಪು ಬಣ್ಣದ ಗಟ್ಟಿ ಮೊಟ್ಟೆಗಳಿದ್ದರೆ ಅವನ್ನು ತಿನ್ನಬಹುದು. ಅವು ಕಪ್ಪಾಗಿ, ಲೋಳೆಯಂತೆ ಕಂಡರೆ ಇನ್ನೂ ಬೆಂದಿಲ್ಲವೆಂದು ತಿಳಿದು ಮತ್ತೆ ಬೇಯಿಸಿ. ಬೆಂದ ಮೊಟ್ಟೆಯ ಬಿಳಿಯಂತೆ ಅಲ್ಲಲ್ಲಿ ಅಂಟಿಕೊಂಡಿರುವುದು ಹೆಪ್ಪುಗಟ್ಟಿದ ರಕ್ತ, ಅದರಿಂದ ತೊಂದರೆಯಿಲ್ಲ.

ಚಿಪ್ಪನ್ನು ತಿನ್ನಲಾಗದಿದ್ದರೂ ಎಸೆಯಬೇಡಿ. ಅಂಟಿದ ಹಸಿರನ್ನು ಚೆನ್ನಾಗಿ ಕೆರೆದು ತೊಳೆದು, ಈರುಳ್ಳಿ, ಕಾಳುಮೆಣಸಿನೊಂದಿಗೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ ಸೋಸಿಕೊಂಡರೆ, ಮರುದಿನದ ಮೀನು ಸಾರಿಗೆ ಒಳ್ಳೆಯ ನೀರು ಸಿದ್ಧವಾಗುತ್ತದೆ.